ಯಾವ ಊರಿನ ತಂಡಕ್ಕೆ ಆಡಬಹುದು? ಮುಂಬೈ, ಪುಣೆ, ಗೋವಾ ಅಲ್ಟಿಮೇಟ್ ಆಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಅಲ್ಟಿಮೇಟ್, ಅಂದರೆ ಫ್ರಿಸ್ಬಿಯಂಥ ಡಿಸ್ಕ್ ಎಸೆದು ಆಡುವ ಆಟ, ಆಡುವ ನಾವು ಕೆಲವರು ಸೇರಿ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಸಣ್ಣ ಟೂರ್ನಿ ನಡೆಸುತ್ತೇವೆ. ಮುಂಬೈ, ಪುಣೆ, ಗೋವಾ, ಈ ಮೂರು ಪ್ರದೇಶಗಳ ತಂಡಗಳು ಬರುತ್ತವೆ. ಹುಡುಗರು ಹುಡುಗಿಯರು ಕೂಡಿ ಆಡುವ ಏಳು ಜನರ ಮಿಕ್ಸ್ಡ್ ಆಟ. ಬಹುಮಾನದ ದುಡ್ಡಿಲ್ಲ. ಬಸ್ ಚಾರ್ಜು, ಊಟ, ಮೈದಾನದ ಬಾಡಿಗೆ ಎಲ್ಲ ಆಟಗಾರರ ಜೇಬಿನಿಂದಲೇ ಬರುತ್ತದೆ.

ಯಾರು ಯಾವ ತಂಡಕ್ಕೆ ಆಡಬಹುದು ಅನ್ನೋದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ರೋಸ್ಟರ್, ಅಂದರೆ ತಂಡದ ಆಟಗಾರರ ಪಟ್ಟಿ, ಕಳಿಸುವ ವಾರ ನನಗೆ ಬರುವ ಫೋನುಗಳಲ್ಲಿ ಕನ್ನಡದವರದ್ದೇ ಜಾಸ್ತಿ. ಹಿಂಜವಡಿಯಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯವರು, ಡೊಂಬಿವಲಿಯಲ್ಲಿ ಹುಟ್ಟಿದ ಉಡುಪಿ ಮನೆತನದವರು, ವಾಸ್ಕೋದಲ್ಲಿ ಬೆಳೆದ ವಿಜಯಪುರದವರ ಮಕ್ಕಳು. "ನಮ್ಮ ಊರು ಯಾವುದು ಅಂತ ಬರೀಬೇಕು?" ಅನ್ನೋದು ಎಲ್ಲರ ಪ್ರಶ್ನೆ. ಅವರಿಗಾಗಿಯೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ.

ಪ್ರಾದೇಶಿಕ ಅರ್ಹತೆ ಅಂದರೆ ಏನು?

ಒಂದು ಪ್ರದೇಶದ ಹೆಸರಿನಲ್ಲಿ ಆಡುವ ತಂಡದಲ್ಲಿ ಆ ಪ್ರದೇಶದ ಆಟಗಾರರೇ ಇರಬೇಕು ಅನ್ನುವ ನಿಯಮ. ಅಷ್ಟೇ. "ಆ ಪ್ರದೇಶದವರು" ಅಂದರೆ ಯಾರು ಅನ್ನೋದರಲ್ಲಿ ಮಾತ್ರ ತಕರಾರು ಹುಟ್ಟುತ್ತದೆ. ಕೆಳಗಿನ ಉತ್ತರಗಳೆಲ್ಲ ಅದರ ಬಗ್ಗೆಯೇ.

ನಾನು ಹೊಸಬ. ಆಟದ ಬಗ್ಗೆ ನಾಲ್ಕು ಸಾಲಿನಲ್ಲಿ ಹೇಳುತ್ತೀರಾ?

175 ಗ್ರಾಂ ತೂಕದ ಡಿಸ್ಕ್. 100 ಮೀಟರ್ ಉದ್ದ, 37 ಮೀಟರ್ ಅಗಲದ ಮೈದಾನ. ಎರಡೂ ತುದಿಗೆ 18 ಮೀಟರ್ ಆಳದ ಎಂಡ್ ಝೋನ್. ಅಲ್ಲಿ ಡಿಸ್ಕ್ ಹಿಡಿದರೆ ಒಂದು ಪಾಯಿಂಟ್. ಕೈಯಲ್ಲಿ ಡಿಸ್ಕ್ ಇರುವಾಗ ಓಡುವ ಹಾಗಿಲ್ಲ, ಎದುರಾಳಿ ಹತ್ತು ಎಣಿಸುವುದರೊಳಗೆ ಎಸೆಯಬೇಕು. ರೆಫರಿ ಇರುವುದಿಲ್ಲ. ಫೌಲ್ ಆದರೆ ಆಟಗಾರರೇ ಕರೆದು, ಆಟಗಾರರೇ ಮಾತಾಡಿ ಬಗೆಹರಿಸುತ್ತಾರೆ. 1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮೇಪಲ್‌ವುಡ್‌ನ ಒಂದು ಹೈಸ್ಕೂಲಿನ ಹುಡುಗರು ಶುರು ಮಾಡಿದ ಆಟ ಇದು. ಫ್ರಿಸ್ಬಿ ಅನ್ನೋದು ಒಂದು ಕಂಪನಿಯ ಟ್ರೇಡ್‌ಮಾರ್ಕ್, ಆದ್ದರಿಂದ ಆಟದ ಹೆಸರು ಬರೀ ಅಲ್ಟಿಮೇಟ್.

ದುಡ್ಡಿಲ್ಲ, ಕಪ್ಪೂ ಸಣ್ಣದು. ಇಂಥ ಆಟಕ್ಕೆ ಇಷ್ಟೆಲ್ಲ ನಿಯಮ ಯಾಕೆ?

ಮೊದಲ ವರ್ಷ ನಮ್ಮಲ್ಲಿ ಈ ನಿಯಮ ಇರಲಿಲ್ಲ. ಯಾರು ಬೇಕಾದರೂ ಯಾರ ಜೊತೆ ಬೇಕಾದರೂ ಆಡಲಿ ಅಂದುಕೊಂಡಿದ್ದೆವು. ಒಂದು ತಂಡ ದೂರದ ಊರಿನಿಂದ, ಡಿಸ್ಕ್ ಎಸೆದು ಆಟ ಮುನ್ನಡೆಸುವ ಮೂವರು ಒಳ್ಳೆಯ ಹ್ಯಾಂಡ್ಲರ್‌ಗಳನ್ನು ಕರೆಸಿತು. ಶುಕ್ರವಾರ ರಾತ್ರಿ ಬಂದರು, ಭಾನುವಾರ ರಾತ್ರಿ ಹೋದರು. ಎರಡು ದಿನ ಹೆಚ್ಚುಕಮ್ಮಿ ಎಲ್ಲ ಪಾಯಿಂಟೂ (ಒಂದು ಪಾಯಿಂಟ್ ಬರುವವರೆಗಿನ ಆಟಕ್ಕೂ ಪಾಯಿಂಟ್ ಅಂತಲೇ ಅನ್ನುತ್ತೇವೆ) ಆ ಮೂವರೇ ಆಡಿದರು. ತಂಡ ಗೆದ್ದಿತು.

ಅದೇ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ಜುಲೈ, ಆಗಸ್ಟ್ ಪೂರ್ತಿ, ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಪಿಂಪ್ರಿಯಿಂದ ಎರಡು ಬಸ್ ಬದಲಿಸಿ ಅಭ್ಯಾಸಕ್ಕೆ ಬರುತ್ತಿದ್ದಳು. ಕೆಸರಿನಲ್ಲಿ ಬಿದ್ದು ಎದ್ದು ಫೋರ್‌ಹ್ಯಾಂಡ್ ಕಲಿತವಳು. ಟೂರ್ನಿಯಲ್ಲಿ ಅವಳಿಗೆ ಆಡಲು ಸಿಕ್ಕಿದ್ದು ನಾಲ್ಕು ಪಾಯಿಂಟ್. ಉಳಿದ ಹೊತ್ತೆಲ್ಲ ಗೆರೆಯ ಆಚೆ ನೀರಿನ ಬಾಟಲಿ ಹಿಡಿದು ನಿಂತು ಚಪ್ಪಾಳೆ ಹೊಡೆದಳು. ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಾನು ಫೋನ್ ಮಾಡಿದೆ. "ನಾನು ಬಂದರೂ ಬರದಿದ್ದರೂ ಒಂದೇ ಅಲ್ವಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ನಿಯಮ ಹುಟ್ಟಿದ್ದು ಆ ಫೋನಿನಿಂದ. ಕಪ್ ಯಾರಿಗೆ ಹೋಗುತ್ತದೆ ಅನ್ನೋದು ನನಗೆ ಅಷ್ಟು ಮುಖ್ಯವಲ್ಲ. ಮಳೆಯಲ್ಲಿ ನೆನೆದವರಿಗೆ ಬಿಸಿಲಿನಲ್ಲಿ ಆಡಲು ಜಾಗ ಇರಬೇಕು.

ನನ್ನ ಆಧಾರ್‌ನಲ್ಲಿ ಹುಬ್ಬಳ್ಳಿ ವಿಳಾಸ ಇದೆ. ಪುಣೆ ತಂಡಕ್ಕೆ ಆಡಬಹುದಾ?

ಆಡಬಹುದು. ಆಧಾರ್‌ನಲ್ಲಿ ಏನಿದೆ ಅಂತ ನಾವು ಕೇಳುವುದೇ ಇಲ್ಲ.

ಇದರ ಹಿಂದೆ ನನ್ನದೇ ಒಂದು ಅನುಭವ ಇದೆ. ಕೆಲವು ವರ್ಷಗಳ ಹಿಂದೆ ಬೇರೊಂದು ಟೂರ್ನಿಗೆ ಹೋಗಿದ್ದೆ. ಪುಣೆಯಲ್ಲಿ ಆಡಲು ಶುರು ಮಾಡಿ ಆಗಲೇ ನಾಲ್ಕು ವರ್ಷ ಆಗಿತ್ತು. ನೋಂದಣಿ ಟೇಬಲ್‌ನಲ್ಲಿ ಕೂತವರು ನನ್ನ ಧಾರವಾಡದ ವಿಳಾಸ ನೋಡಿದರು. "ನೀವು ಕರ್ನಾಟಕದವರು, ಬೆಂಗಳೂರು ತಂಡಕ್ಕೆ ಆಡಬೇಕು" ಅಂದರು. ನಾನು ಬೆಂಗಳೂರಿನಲ್ಲಿ ಒಂದು ವಾರವೂ ಇದ್ದವನಲ್ಲ. ಅಲ್ಲಿನ ಯಾವ ತಂಡದವರಿಗೂ ನನ್ನ ಮುಖದ ಪರಿಚಯ ಇಲ್ಲ. ನನ್ನ ಪುಣೆಯ ಗೆಳೆಯರು ಆಡುತ್ತಿದ್ದರು, ನಾನು ಎರಡು ದಿನ ಅವರ ಬ್ಯಾಗು ಕಾಯುತ್ತಾ ಕೂತಿದ್ದೆ. ಆ ಬೇಜಾರು ಇನ್ನೂ ಹೋಗಿಲ್ಲ.

ಹೊರನಾಡಿನಲ್ಲಿರುವ ನಮಗೆ "ನಿಮ್ಮ ಊರು ಯಾವುದು?" ಅನ್ನೋದು ದಿನಾ ಕೇಳುವ ಪ್ರಶ್ನೆ. ಅದಕ್ಕೆ ಒಂದೇ ಉತ್ತರ ಇರುವುದಿಲ್ಲ. ಹುಟ್ಟಿದ ಊರು, ಓದಿದ ಊರು, ಬಾಡಿಗೆ ಕಟ್ಟುವ ಊರು, ಹಬ್ಬಕ್ಕೆ ಹೋಗುವ ಊರು ಎಲ್ಲ ಬೇರೆ ಬೇರೆ. ಆಟದ ಮಟ್ಟಿಗೆ ನಾವು ಕೇಳುವುದು ಒಂದೇ: ಭಾನುವಾರ ಬೆಳಿಗ್ಗೆ ನೀವು ಎಲ್ಲಿ ಡಿಸ್ಕ್ ಎಸೆಯುತ್ತೀರಿ?

ಸರಿ, ಹಾಗಾದರೆ ನಿಯಮ ಏನು ಹೇಳುತ್ತದೆ?

ಮೂರು ದಾರಿ ಇವೆ. ಇವುಗಳಲ್ಲಿ ಯಾವುದಾದರೂ ಒಂದು ಸರಿಹೊಂದಿದರೆ ಸಾಕು.

ಮೊದಲನೆಯದು ವಾಸ. ರೋಸ್ಟರ್ ಮುಚ್ಚುವ ದಿನಕ್ಕೆ ಆ ಪ್ರದೇಶದಲ್ಲಿ ನೀವು 90 ದಿನ ಇದ್ದಿರಬೇಕು. ನಡುವೆ ದೀಪಾವಳಿಗೋ ಅಣ್ಣನ ಮದುವೆಗೋ ಊರಿಗೆ ಹೋಗಿ ಬಂದರೆ ಆ ದಿನಗಳನ್ನು ಕಳೆಯುವುದಿಲ್ಲ.

ಎರಡನೆಯದು ಅಭ್ಯಾಸ. ಹಿಂದಿನ ನಾಲ್ಕು ತಿಂಗಳಲ್ಲಿ ಆ ತಂಡದ ಜೊತೆ 8 ಸಲ ಅಭ್ಯಾಸ ಮಾಡಿರಬೇಕು. ನೀವು ಎಲ್ಲಿ ಮಲಗುತ್ತೀರಿ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ.

ಮೂರನೆಯದಕ್ಕೆ ನಾವು ಇಟ್ಟ ಹೆಸರು ತವರು ನಿಯಮ. ಒಂದು ತಂಡದಲ್ಲಿ ಎರಡು ಸೀಸನ್ ಆಡಿ, ಆಮೇಲೆ ಕೆಲಸಕ್ಕೋ ಮದುವೆಯಾಗಿಯೋ ಬೇರೆ ಊರಿಗೆ ಹೋದವರು ಹಳೆ ತಂಡಕ್ಕೆ ಬಂದು ಆಡಬಹುದು. ಗಂಡಸರಿಗೂ ಹೆಂಗಸರಿಗೂ ಇದು ಒಂದೇ. ಒಂದು ತಂಡಕ್ಕೆ ಇಂಥವರು ಇಬ್ಬರು ಮಾತ್ರ. ಹೆಸರು ಕೊಟ್ಟವರು ಒಬ್ಬ ಮಂಗಳೂರಿನ ಆಟಗಾರ್ತಿ, ಅವಳು ಮುಂಬೈ ಬಿಟ್ಟು ಹೈದರಾಬಾದಿಗೆ ಹೋಗುವಾಗ "ತವರಿಗೆ ಬರೋಕೆ ಯಾರಾದ್ರೂ ಪರ್ಮಿಷನ್ ಕೇಳ್ತಾರಾ?" ಅಂದಿದ್ದಳು.

ಯಾವ ದಾಖಲೆ ಕೊಡಬೇಕು?

ಬಾಡಿಗೆ ಮನೆಯಾದರೆ ಲೀವ್ ಅಂಡ್ ಲೈಸೆನ್ಸ್ ಕರಾರು ಸಾಕು. ಮಹಾರಾಷ್ಟ್ರದಲ್ಲಿ ಹೆಚ್ಚಿನ ಕಡೆ 11 ತಿಂಗಳ ಕರಾರು ಮಾಡುತ್ತಾರೆ, ಅದರ ಮೊದಲ ಪುಟದ ಫೋಟೋ ಕಳಿಸಿ. ಬಾಡಿಗೆ ಎಷ್ಟು ಅನ್ನೋದನ್ನು ಮುಚ್ಚಿಯೇ ಕಳಿಸಿ, ಅದು ನಮಗೆ ಬೇಡ. ಪಿಜಿಯಲ್ಲಿ ಇರುವವರಿಗೆ ಕರಾರು ಇರುವುದಿಲ್ಲ ಅಂತ ಗೊತ್ತು. ಕಾಲೇಜು ಐಡಿ, ಆಫೀಸ್ ಐಡಿ, ಕರೆಂಟ್ ಬಿಲ್, ಲೋಕಲ್ ಟ್ರೈನ್ ಪಾಸ್, ಯಾವುದಾದರೂ ನಡೆಯುತ್ತದೆ. ಏನೂ ಇಲ್ಲವಾ? ನಿಮ್ಮ ಕ್ಯಾಪ್ಟನ್ ಎರಡು ಸಾಲು ಬರೆದು ಕಳಿಸಲಿ. ಆ ಎರಡು ಸಾಲನ್ನು ನಾವು ನಂಬುತ್ತೇವೆ.

ಮುಂಬೈ ಅಂದರೆ ಎಲ್ಲಿಂದ ಎಲ್ಲಿವರೆಗೆ?

ಲೋಕಲ್ ಟ್ರೈನ್ ಮುಟ್ಟುವಷ್ಟು ದೂರ. ಠಾಣೆ, ನವಿ ಮುಂಬೈ, ಕಲ್ಯಾಣ್, ಡೊಂಬಿವಲಿ, ವಸಾಯಿ, ವಿರಾರ್ ಎಲ್ಲ ಸೇರಿದೆ. ಪುಣೆ ಅಂದರೆ ಪಿಂಪ್ರಿ ಚಿಂಚ್‌ವಡವೂ ಸೇರಿ. ಗೋವಾ ಅಂದರೆ ಉತ್ತರ, ದಕ್ಷಿಣ ಎರಡೂ. ಲೋಣಾವಳದವರು ತಮಗೆ ಇಷ್ಟ ಬಂದ ಕಡೆ ಹೋಗಬಹುದು, ಆದರೆ ಸೀಸನ್ ಪೂರ್ತಿ ಅಲ್ಲೇ ಇರಬೇಕು.

ವಾರಕ್ಕೆ ಮೂರು ದಿನ ಪುಣೆ ಆಫೀಸು, ಉಳಿದ ದಿನ ಮುಂಬೈ ಮನೆ. ನಾನು ಎಲ್ಲಿಯವಳು?

ಎರಡೂ ಕಡೆಯವರು. ಒಂದನ್ನು ಆರಿಸಿಕೊಳ್ಳಿ. ಕರೋನಾ ಆದಮೇಲೆ ಈ ಪ್ರಶ್ನೆ ಜಾಸ್ತಿ ಬರುತ್ತಿದೆ. ಧಾರವಾಡದ ಮನೆಯಲ್ಲಿ ಕೂತು ಪುಣೆ ಕಂಪನಿಗೆ ಕೆಲಸ ಮಾಡುವವರೂ ಕೇಳುತ್ತಾರೆ. ಅವರಿಗೆ ಹೇಳುವುದು ಇಷ್ಟೇ: ಸಂಬಳ ಎಲ್ಲಿಂದ ಬರುತ್ತದೆ ಅನ್ನೋದರಿಂದ ಪ್ರದೇಶ ತೀರ್ಮಾನ ಆಗುವುದಿಲ್ಲ. ತಿಂಗಳಿಗೆ ಎರಡು ಸಲ ಪುಣೆಗೆ ಬಂದು ಅಭ್ಯಾಸ ಮಾಡಿದರೆ ನಾಲ್ಕು ತಿಂಗಳಿಗೆ 8 ಆಗುತ್ತದೆ. 2024ರಿಂದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಓಡುತ್ತಿದೆ, ಬೆಳಗಾವಿ ಮೇಲಿಂದ ಬರುತ್ತದೆ. ಅದರಲ್ಲಿ ಬಂದು ಹೋಗುವ ಇಬ್ಬರು ನಮ್ಮಲ್ಲಿ ಇದ್ದಾರೆ. ಅವರಷ್ಟು ನಿಯತ್ತಾಗಿ ಅಭ್ಯಾಸಕ್ಕೆ ಬರುವವರು ಪುಣೆ ಪೇಟೆಯಲ್ಲಿ ಇರುವವರಲ್ಲೂ ಕಡಿಮೆ.

ನಾನು ಪುಣೆಯಲ್ಲಿ ಓದುತ್ತಿದ್ದೇನೆ. ರಜೆಗೆ ಗೋವಾ ಮನೆಗೆ ಹೋಗುತ್ತೇನೆ. ಯಾವ ತಂಡ?

ಎರಡರಲ್ಲಿ ಯಾವುದೂ ಆಗಬಹುದು. ವಿದ್ಯಾರ್ಥಿಗಳಿಗೆ ಕಾಲೇಜು ಇರುವ ಪ್ರದೇಶ, ಅಪ್ಪ ಅಮ್ಮನ ಮನೆ ಇರುವ ಪ್ರದೇಶ, ಎರಡೂ ತೆರೆದಿವೆ. ಒಂದು ವರ್ಷಕ್ಕೆ ಒಂದೇ. ವರ್ಷ ವರ್ಷ ಬದಲಿಸಿದರೆ ತಪ್ಪೇನಿಲ್ಲ, ಆದರೆ ನಿಮ್ಮ ತಂಡದವರಿಗೆ ಮೊದಲೇ ಹೇಳಿ. ಒಬ್ಬ ಹುಡುಗ ಕೊನೆಯ ವಾರ ಹೇಳಿದ್ದಕ್ಕೆ ಇಡೀ ತಂಡದ ಪ್ಲಾನು ಬದಲಾಗಿ ಹೋಗಿತ್ತು.

ನಾನು ಕಾರವಾರದವನು. ಬೆಳಗಾವಿಯ ಗೆಳೆಯರೂ ಇದ್ದಾರೆ. ನಮಗೆ ಜಾಗ ಇದೆಯಾ?

ಇದೆ, ಖಂಡಿತ ಇದೆ. ಈ ಪ್ರಶ್ನೆಯ ಬಗ್ಗೆ ನಾವು ಎರಡು ರಾತ್ರಿ ಮಾತಾಡಿದ್ದೇವೆ. ರಾಜ್ಯದ ಗಡಿಯನ್ನೇ ಪ್ರದೇಶದ ಗಡಿ ಅಂತ ಇಟ್ಟುಕೊಂಡರೆ ಕಾರವಾರದ ಹುಡುಗ ಬೆಂಗಳೂರಿನವರ ಜೊತೆ ಸೇರಬೇಕು. ಬೆಂಗಳೂರು ಅವನಿಗೆ ಒಂದು ರಾತ್ರಿಯ ಪ್ರಯಾಣ. ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ಕಾಣಕೋಣ, ಅಲ್ಲಿ ಮರಳಿನ ಮೇಲೆ ಸಂಜೆ ಐದಕ್ಕೆ ಡಿಸ್ಕ್ ಹಾರುತ್ತಿರುತ್ತದೆ. ಅವನು ಬೈಕ್ ಹತ್ತಿ ಹೋಗುವುದು ಅಲ್ಲಿಗೇ. ಹಾಗಿರುವಾಗ ಅವನನ್ನು ಗೋವಾದವನಲ್ಲ ಅನ್ನೋದು ಹೇಗೆ?

ಬೆಳಗಾವಿಯವರು ಚೋರ್ಲಾ ಘಾಟಿ ಇಳಿದರೆ ಗೋವಾ, ಹೆದ್ದಾರಿ ಹಿಡಿದರೆ ಪುಣೆ. ಅವರಿಗೆ ಎರಡೂ ದಾರಿ ತೆರೆದಿಟ್ಟಿದ್ದೇವೆ. ಬೆಳಗಾವಿ ಅಂದ ಕೂಡಲೇ ಕೆಲವರಿಗೆ ಬೇರೆ ಮಾತುಗಳು ನೆನಪಾಗುತ್ತವೆ, ಅದೂ ನನಗೆ ಗೊತ್ತು. ಮೈದಾನದಲ್ಲಿ ಆ ಮಾತು ಬೇಡ ಅಂತ ಮೂರೂ ಕಡೆಯ ಕ್ಯಾಪ್ಟನ್‌ಗಳು ಒಪ್ಪಿದ್ದಾರೆ, ಇವತ್ತಿನವರೆಗೆ ಆ ಒಪ್ಪಂದ ಮುರಿದಿಲ್ಲ. ಇದಕ್ಕೆ ನನಗೆ ತುಂಬ ಹೆಮ್ಮೆ ಇದೆ. ಮುಂದೆ ಬೆಳಗಾವಿಯಲ್ಲೇ ಹದಿನಾಲ್ಕು ಜನ ಸೇರಿದರೆ ಅವರದ್ದೇ ಪ್ರದೇಶ ಮಾಡೋಣ. ಆ ದಿನ ಬೇಗ ಬರಲಿ.

ನಾವೆಲ್ಲ ಕನ್ನಡದವರು. ಮೂರೂ ಊರುಗಳಿಂದ ಸೇರಿ ಒಂದು ಕನ್ನಡ ತಂಡ ಮಾಡಬಹುದಾ?

ಟೂರ್ನಿಯಲ್ಲಿ ಆಗುವುದಿಲ್ಲ. ಒಂದೇ ಪ್ರದೇಶದ ಕನ್ನಡದವರು ಸೇರಿ ತಂಡ ಕಟ್ಟಿದರೆ ಅಡ್ಡಿಯಿಲ್ಲ, ಮೂರು ಪ್ರದೇಶದವರು ಒಂದೇ ತಂಡದಲ್ಲಿ ಬರುವಂತಿಲ್ಲ. ಶನಿವಾರ ಸಂಜೆ ಲೀಗ್ ಪಂದ್ಯಗಳು ಮುಗಿದ ಮೇಲೆ ಒಂದು ಸೌಹಾರ್ದ ಆಟ ಇಡುತ್ತೇವೆ. ಅದಕ್ಕೆ ಹೇಗೆ ಬೇಕಾದರೂ ತಂಡ ಮಾಡಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಪ್ರದೇಶದ ತಂಡಗಳಲ್ಲಿ ಭಾಷೆ ಬೆರೆತಿರುವುದೇ ಚೆಂದ. ನನಗೆ ಫ್ಲಿಕ್, ಅಂದರೆ ಫೋರ್‌ಹ್ಯಾಂಡ್, ಎಸೆಯಲು ಕಲಿಸಿದ್ದು ಸಾತಾರಾದ ಒಬ್ಬ ಮರಾಠಿ ಹುಡುಗ. ಮೂರು ವಾರ ನನ್ನ ಮಣಿಕಟ್ಟು ಹಿಡಿದು ತಿದ್ದಿದ. ನಮ್ಮ ತಂಡದಲ್ಲಿ ಈಗ ಅವನೂ "ಎಡಕ್ಕೆ ಹೋಗು, ಎಡಕ್ಕೆ!" ಅಂತ ಕೂಗುತ್ತಾನೆ. ಎದುರು ತಂಡಕ್ಕೆ ಕನ್ನಡ ಬರದಿದ್ದರೆ ಅದು ನಮಗೆ ಲಾಭ. ಮುಂಬೈ ವಿರುದ್ಧ ಮಾತ್ರ ನಡೆಯುವುದಿಲ್ಲ, ಅಲ್ಲಿ ಕನ್ನಡ ಅರ್ಥ ಆಗುವವರು ಜಾಸ್ತಿ.

ಹೊರಗಿನ ಆಟಗಾರರನ್ನು ಎಷ್ಟು ಜನ ಸೇರಿಸಿಕೊಳ್ಳಬಹುದು?

ರೋಸ್ಟರ್‌ನಲ್ಲಿ ಹೆಚ್ಚೆಂದರೆ 18 ಹೆಸರು. ಅದರಲ್ಲಿ ಹೊರಗಿನವರು 2. ಇವರನ್ನು ಪಿಕಪ್ ಅನ್ನುತ್ತೇವೆ. ತವರು ಆಟಗಾರರು ಇದರ ಲೆಕ್ಕಕ್ಕೆ ಬರುವುದಿಲ್ಲ. ಪಿಕಪ್ ಇಬ್ಬರೂ ಒಂದೇ ಪಾಯಿಂಟ್‌ನಲ್ಲಿ ಒಟ್ಟಿಗೆ ಕಣಕ್ಕಿಳಿಯುವಂತಿಲ್ಲ.

ಸೊನ್ನೆ ಮಾಡಿಬಿಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊರಗಿನಿಂದ ಬಂದವರು ಹೊಸ ಥ್ರೋ ಕಲಿಸುತ್ತಾರೆ, ಹೊಸ ಡಿಫೆನ್ಸ್ ತೋರಿಸುತ್ತಾರೆ. ಕ್ರಿಕೆಟ್‌ನಲ್ಲೇ ನೋಡಿ. ಕರ್ನಾಟಕದ ಕರುಣ್ ನಾಯರ್ 2023ರಲ್ಲಿ ವಿದರ್ಭಕ್ಕೆ ಹೋದರು, 2025ರ ರಣಜಿ ಫೈನಲ್‌ನಲ್ಲಿ ಕೇರಳದ ಮೇಲೆ ಶತಕ ಹೊಡೆದರು, ವಿದರ್ಭ ಕಪ್ ಗೆದ್ದಿತು. ಆಮೇಲೆ ತಿರುಗಿ ಕರ್ನಾಟಕಕ್ಕೇ ಬಂದರು. ಅರ್ಜುನ್ ತೆಂಡೂಲ್ಕರ್ 2022ರಲ್ಲಿ ಮುಂಬೈ ಬಿಟ್ಟು ಗೋವಾಕ್ಕೆ ಆಡಲು ಹೋದರು. ಅಲ್ಲಿ ಹಾಗೆ ಹೋಗಬೇಕಾದರೆ ಹಳೆ ಸಂಸ್ಥೆಯಿಂದ ತಕರಾರಿಲ್ಲ ಅನ್ನುವ ಪತ್ರ, ಅಂದರೆ ಎನ್‌ಒಸಿ ಬೇಕು. ನಮ್ಮಲ್ಲಿ ಎನ್‌ಒಸಿ ಇಲ್ಲ. ಹಳೆ ಕ್ಯಾಪ್ಟನ್‌ಗೆ ನೀವೇ ಫೋನ್ ಮಾಡಿ ಒಂದು ಮಾತು ಹೇಳಿ. ಅವರು ಬೇರೆಯವರ ಬಾಯಿಂದ ಕೇಳುವ ಹಾಗೆ ಮಾಡಬೇಡಿ.

ಹುಡುಗಿಯರು ಕಡಿಮೆ ಇದ್ದಾರೆ. ಹೊರಗಿನಿಂದ ಕರೆಸಬಹುದಾ?

ಇದು ಕಷ್ಟದ ಪ್ರಶ್ನೆ, ಪ್ರತಿ ವರ್ಷ ಬರುತ್ತದೆ.

ಮಿಕ್ಸ್ಡ್ ಆಟದಲ್ಲಿ ಕಣದಲ್ಲಿ ಇರುವ ಏಳು ಜನರಲ್ಲಿ ನಾಲ್ಕು–ಮೂರರ ಹಂಚಿಕೆ ಇರುತ್ತದೆ: ನಾಲ್ವರು ಹುಡುಗರು ಮೂವರು ಹುಡುಗಿಯರು, ಇಲ್ಲವೇ ನಾಲ್ವರು ಹುಡುಗಿಯರು ಮೂವರು ಹುಡುಗರು. ಮೊದಲ ಪಾಯಿಂಟ್‌ಗೆ ಯಾವ ಹಂಚಿಕೆ ಅನ್ನೋದನ್ನು ಟಾಸ್ ಗೆದ್ದವರು ಆರಿಸುತ್ತಾರೆ. ಎರಡು ಮತ್ತು ಮೂರನೇ ಪಾಯಿಂಟ್‌ಗೆ ಅದು ತಿರುಗುತ್ತದೆ. ನಾಲ್ಕು ಮತ್ತು ಐದಕ್ಕೆ ಮತ್ತೆ ಮೊದಲಿನದೇ. ಹೀಗೆ ಎರಡೆರಡು ಪಾಯಿಂಟ್‌ಗೆ ಬದಲಾಗುತ್ತದೆ. ಅಂದರೆ ಪ್ರತಿ ಪಂದ್ಯದಲ್ಲೂ ನಾಲ್ವರು ಹುಡುಗಿಯರು ಒಟ್ಟಿಗೆ ಕಣದಲ್ಲಿ ಇರುವ ಪಾಯಿಂಟ್‌ಗಳು ಬಂದೇ ಬರುತ್ತವೆ. ಬರೀ ನಾಲ್ವರನ್ನು ಕರೆತಂದರೆ ಅವರಿಗೆ ಉಸಿರಾಡಲು ಬಿಡುವಿಲ್ಲ. ಬಿಸಿಲಿನಲ್ಲಿ ದಿನಕ್ಕೆ ಮೂರು ಪಂದ್ಯ ಅಂದರೆ ಮೈ ಮುರಿಯುತ್ತದೆ. ಆದ್ದರಿಂದ ರೋಸ್ಟರ್‌ನಲ್ಲಿ ಕನಿಷ್ಠ 6 ಆಟಗಾರ್ತಿಯರು ಇರಲೇಬೇಕು.

ಆರು ಜನ ಸಿಗದ ತಂಡಕ್ಕೆ ಇನ್ನೂ ಇಬ್ಬರು ಆಟಗಾರ್ತಿಯರನ್ನು ಹೊರಗಿನಿಂದ ಸೇರಿಸಲು ಬಿಡುತ್ತೇವೆ. ಇವರು ಪಿಕಪ್ ಲೆಕ್ಕಕ್ಕೆ ಸೇರುವುದಿಲ್ಲ. ಜೊತೆಗೆ ಒಂದು ಷರತ್ತು ಇದೆ. ಈ ಸೌಲಭ್ಯ ತೆಗೆದುಕೊಂಡ ತಂಡ ಮುಂದಿನ ಸೀಸನ್‌ಗೆ ಮೊದಲು ತಮ್ಮ ಊರಿನ ಹುಡುಗಿಯರಿಗಾಗಿ ಕನಿಷ್ಠ ನಾಲ್ಕು ಕಲಿಕೆಯ ಭಾನುವಾರಗಳನ್ನು ನಡೆಸಬೇಕು. ಸುಮ್ನೆ ಕಾಗದದ ಮೇಲೆ ತೋರಿಸಿದರೆ ಆಗದು, ನಾವು ಹೋಗಿ ನೋಡುತ್ತೇವೆ. ಗೋವಾ ತಂಡ ಇದನ್ನು ಮನಸ್ಸಿಟ್ಟು ಮಾಡಿತು. ವಾಸ್ಕೋದ ಬೈನಾ ಕಡೆಯ ನಾಲ್ವರು ಕನ್ನಡದ ಹುಡುಗಿಯರು ಅಲ್ಲಿಂದಲೇ ಬಂದವರು. ಈಗ ಗೋವಾ ಯಾರನ್ನೂ ಹೊರಗಿನಿಂದ ಕರೆಸುವುದಿಲ್ಲ.

ಯಾರು ಹುಡುಗರ ಲೆಕ್ಕದಲ್ಲಿ, ಯಾರು ಹುಡುಗಿಯರ ಲೆಕ್ಕದಲ್ಲಿ ಆಡುತ್ತಾರೆ ಅನ್ನೋದನ್ನು ಆಟಗಾರರೇ ಹೇಳುತ್ತಾರೆ. ಬೇರೆ ಯಾರೂ ಅದನ್ನು ಪ್ರಶ್ನಿಸುವಂತಿಲ್ಲ.

ಒಂದೇ ಟೂರ್ನಿಯಲ್ಲಿ ಎರಡು ತಂಡಕ್ಕೆ ಆಡಬಹುದಾ?

ಇಲ್ಲ.

ರೋಸ್ಟರ್ ಮುಚ್ಚಿದ ಮೇಲೆ ಯಾರಿಗಾದರೂ ಪೆಟ್ಟಾದರೆ?

ಬದಲಿ ಆಟಗಾರ ಬರಬಹುದು, ಅದೇ ಪ್ರದೇಶದವರಾಗಿರಬೇಕು. ಟೂರ್ನಿಯ ಮೊದಲ ಪುಲ್ (ಆಟ ಶುರು ಮಾಡುವ ಎಸೆತ) ಹಾರಿದ ಮೇಲೆ ಹೊಸ ಹೆಸರು ಇಲ್ಲ. ಆಟದ ನಡುವೆ ಜನ ಕಡಿಮೆ ಬಿದ್ದರೆ ಎದುರು ತಂಡದ ಕ್ಯಾಪ್ಟನ್ ಜೊತೆ ಮಾತಾಡಿ. ಒಮ್ಮೆ ಮುಂಬೈಯವರಿಗೆ ಇಬ್ಬರ ಮೊಣಕಾಲು ಹೋಗಿ ಆರೇ ಜನ ಉಳಿದರು. ಪುಣೆಯವರೂ ಒಬ್ಬರನ್ನು ಹೊರಗೆ ಕೂರಿಸಿ ಆರು ಜನವೇ ಆಡಿದರು. ಇದು ಯಾವ ನಿಯಮದಲ್ಲೂ ಇಲ್ಲ.

ಎದುರು ತಂಡದಲ್ಲಿ ಅರ್ಹತೆ ಇಲ್ಲದವರು ಆಡುತ್ತಿದ್ದಾರೆ ಅನ್ನಿಸಿದರೆ ಏನು ಮಾಡಬೇಕು?

ಮೊದಲು ಅವರ ಕ್ಯಾಪ್ಟನ್ ಹತ್ತಿರ ಹೋಗಿ ಕೇಳಿ. ವಾಟ್ಸಾಪ್ ಗುಂಪಿನಲ್ಲಿ ಬರೆಯಬೇಡಿ, ಗೆರೆಯ ಆಚೆಯಿಂದ ಕೂಗಬೇಡಿ. "ಇವರನ್ನು ನಾನು ಮೊದಲು ನೋಡಿಲ್ಲ, ಎಲ್ಲಿ ಆಡುತ್ತಾರೆ?" ಅಂತ ಕೇಳಿದರೆ ಸಾಕು. ಹತ್ತರಲ್ಲಿ ಒಂಬತ್ತು ಸಲ ಸರಿಯಾದ ಉತ್ತರವೇ ಇರುತ್ತದೆ.

ಈ ಆಟದ ಬುನಾದಿಯೇ ಅದು. ವಿಶ್ವ ಫ್ಲೈಯಿಂಗ್ ಡಿಸ್ಕ್ ಒಕ್ಕೂಟದ ದೊಡ್ಡ ಪಂದ್ಯಗಳಲ್ಲೂ ಆಟಗಾರರೇ ಫೌಲ್ ಕರೆಯುತ್ತಾರೆ. 2015ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಆ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು, ಆಗಲೂ ಆಟ ತನ್ನ ಪದ್ಧತಿ ಬಿಡಲಿಲ್ಲ. ಪಂದ್ಯ ಮುಗಿದ ಮೇಲೆ ಎರಡೂ ತಂಡ ಹೆಗಲ ಮೇಲೆ ಕೈ ಹಾಕಿ ಸುತ್ತು ನಿಲ್ಲುತ್ತದೆ, ಅದು ಸ್ಪಿರಿಟ್ ಸರ್ಕಲ್. ಆಮೇಲೆ ಒಬ್ಬರಿಗೊಬ್ಬರು ಸ್ಪಿರಿಟ್ ಸ್ಕೋರ್ ಕೊಡುತ್ತಾರೆ. ನಿಯಮದ ತಿಳಿವಳಿಕೆ, ಫೌಲ್ ಮತ್ತು ಮೈ ತಾಗಿಸುವುದು, ನ್ಯಾಯವಂತಿಕೆ, ನಡವಳಿಕೆ, ಮಾತುಕತೆ, ಈ ಐದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಎಲ್ಲದಕ್ಕೂ ಎರಡೆರಡು ಬಂದರೆ ಅದು ಸಾಮಾನ್ಯ ಒಳ್ಳೆಯ ಪಂದ್ಯ.

ನಿಮ್ಮ ಕೈ ತಾಗಿ ಎದುರಾಳಿಯ ಡಿಸ್ಕ್ ಬಿದ್ದಿದೆ, ಯಾರೂ ನೋಡಿಲ್ಲ. ಆದರೂ ನೀವೇ ಒಪ್ಪಿಕೊಳ್ಳುತ್ತೀರಿ, ಅಲ್ವಾ? ರೋಸ್ಟರ್ ಕೂಡ ಹಾಗೆಯೇ. ಸುಳ್ಳು ಹೆಸರು ಬರೆದು ಕಳಿಸಿ ಮೈದಾನದಲ್ಲಿ ನ್ಯಾಯವಾಗಿ ಆಡುತ್ತೇನೆ ಅಂದರೆ ಅದು ಕೂಡಿ ಬರುವ ಮಾತಲ್ಲ.

ಕ್ಯಾಪ್ಟನ್ ಹೇಳಿದ್ದು ಸಮಾಧಾನ ತರದಿದ್ದರೆ ನಮ್ಮ ಹತ್ತಿರ ಬನ್ನಿ. ಮೂರು ಪ್ರದೇಶದಿಂದ ಒಬ್ಬೊಬ್ಬರು ಕೂತು ಅದೇ ದಿನ ತೀರ್ಮಾನ ಮಾಡುತ್ತೇವೆ.

ತಪ್ಪು ಅಂತ ಗೊತ್ತಾದರೆ ಶಿಕ್ಷೆ ಏನು?

ಅರಿಯದೆ ಆದ ತಪ್ಪಾದರೆ ಆ ಆಟಗಾರ ಪಿಕಪ್ ಲೆಕ್ಕಕ್ಕೆ ಬರುತ್ತಾರೆ. ಅಲ್ಲಿ ಜಾಗ ಇಲ್ಲದಿದ್ದರೆ ಉಳಿದ ಪಂದ್ಯಗಳಿಗೆ ಕೂರಬೇಕು. ಆಡಿ ಮುಗಿದ ಪಂದ್ಯದ ಫಲಿತಾಂಶ ಬದಲಾಗುವುದಿಲ್ಲ. ಬೇಕೆಂದೇ ಮಾಡಿದ್ದರೆ ಆ ಪಂದ್ಯ ಸೋತಂತೆ, ಕ್ಯಾಪ್ಟನ್ ಒಂದು ವರ್ಷ ಕ್ಯಾಪ್ಟನ್ ಆಗುವಂತಿಲ್ಲ. ಆಡಲು ಬಂದ ಆಟಗಾರನಿಗೆ ನಾವು ಶಿಕ್ಷೆ ಕೊಡುವುದಿಲ್ಲ. ಬಹಳ ಸಲ ಅವನಿಗೆ ನಿಯಮವನ್ನು ಯಾರೂ ಹೇಳಿರುವುದೇ ಇಲ್ಲ.

ಬೇರೆ ದೇಶಗಳಲ್ಲಿ ಹೀಗೇನಾ?

ಅಮೆರಿಕದಲ್ಲಿ ಕ್ಲಬ್ ತಂಡಗಳಿಗೆ ದೇಶವನ್ನು 8 ಪ್ರದೇಶಗಳಾಗಿ ಹಂಚಿದ್ದಾರೆ. ಮೊದಲು ಸಣ್ಣ ವಿಭಾಗದ ಮಟ್ಟ, ಆಮೇಲೆ ಪ್ರದೇಶ, ಕೊನೆಗೆ ರಾಷ್ಟ್ರಮಟ್ಟ. ಕಾಲೇಜು ಆಟದಲ್ಲಿ ಒಬ್ಬರಿಗೆ 5 ವರ್ಷದ ಅರ್ಹತೆ ಮಾತ್ರ. ಅದು ನೂರಾರು ತಂಡಗಳಿರುವ ಜಾಗ, ಅಷ್ಟು ಬಿಗಿ ಅಲ್ಲಿ ಬೇಕು. ನಾವು ಕೆಲವೇ ತಂಡ ಇರುವವರು. ಅಲ್ಲಿನ ನಿಯಮ ಪುಸ್ತಕವನ್ನು ಹಾಗೇ ಇಲ್ಲಿ ತಂದರೆ ಅಂಗಿಗಿಂತ ಗುಂಡಿ ದೊಡ್ಡದಾಗುತ್ತದೆ.

ಸ್ನೇಹಿತನ ಹತ್ತಿರ ವಿದೇಶಿ ಪಾಸ್‌ಪೋರ್ಟ್ ಇದೆ, ಪುಣೆಯಲ್ಲಿ ವಾಸ. ಆಡಬಹುದಾ?

ನಮ್ಮಲ್ಲಿ ಆಡಬಹುದು, 90 ದಿನ ಆಗಿದ್ದರೆ ಸಾಕು. ದೇಶದ ತಂಡದ ವಿಷಯ ಬೇರೆ. ಭಾರತದ ಪರ ಆಡಲು ಭಾರತದ ಪಾಸ್‌ಪೋರ್ಟ್ ಇರಬೇಕು ಅನ್ನುವ ನೀತಿಯನ್ನು ಕೇಂದ್ರ ಸರ್ಕಾರ 2008ರಲ್ಲಿ ತಂದಿತು. ರಾಷ್ಟ್ರೀಯ ತಂಡದ ಆಯ್ಕೆಗೆ ಹೋಗುವ ಆಸೆ ಇದ್ದವರು ಅದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಹದಿನೆಂಟು ತುಂಬದವರು?

ಆಡಬಹುದು. ಅಪ್ಪ ಅಥವಾ ಅಮ್ಮನ ಸಹಿ ಬೇಕು, ಜೊತೆಯಲ್ಲಿ ಒಬ್ಬ ದೊಡ್ಡವರು ಬರಬೇಕು.

ಗೋವಾದ ಬೀಚ್ ಆಟಕ್ಕೂ ಇದೇ ನಿಯಮವಾ?

ವಾಸ, ಅಭ್ಯಾಸ, ತವರು ಎಲ್ಲ ಅದೇ. ಬೀಚ್‌ನಲ್ಲಿ ಐದು ಜನ, ಮೈದಾನ 75 ಮೀಟರ್ ಉದ್ದ, 25 ಅಗಲ, ಹಂಚಿಕೆ ಮೂರು–ಎರಡು. ರೋಸ್ಟರ್ 12, ಪಿಕಪ್ 1. ಮರಳಿನಲ್ಲಿ ಆಡಿ ಅಭ್ಯಾಸ ಇಲ್ಲದ ಪುಣೆಯವರು ಒಂದು ದಿನ ಮೊದಲೇ ಬನ್ನಿ, ಕಾಲು ಹಿಡಿಯುತ್ತದೆ. ಪಂದ್ಯದ ಹೊತ್ತು ಸಮುದ್ರದ ಇಳಿತ ನೋಡಿ ಇಡುತ್ತೇವೆ, ಗಡಿಯಾರ ನೋಡಿ ಇಡುವುದಿಲ್ಲ.

ಇದು ಯಾವುದೂ ಬೇಡ, ಸುಮ್ನೆ ಆಡಬೇಕು ಅಂತ ಆಸೆ. ದಾರಿ ಇದೆಯಾ?

ಹ್ಯಾಟ್ ಟೂರ್ನಿಗೆ ಬನ್ನಿ. ಅಲ್ಲಿ ಎಲ್ಲರ ಹೆಸರನ್ನೂ ಟೋಪಿಯಲ್ಲಿ ಹಾಕಿ ಎತ್ತಿ ತಂಡ ಮಾಡುತ್ತಾರೆ. ಊರು, ವಿಳಾಸ, ದಾಖಲೆ ಏನೂ ಇಲ್ಲ. ಒಬ್ಬರೇ ಬಂದು ಹದಿನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಹೋಗಬಹುದು. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ.

ರೋಸ್ಟರ್ ಯಾವಾಗ ಕಳಿಸಬೇಕು? ಹೆಸರು ಯಾವ ಭಾಷೆಯಲ್ಲಿ ಬರೆಯಬೇಕು?

ಟೂರ್ನಿಗೆ ಮೂರು ವಾರ ಮೊದಲು. ನವೆಂಬರ್ 1ರ ರಾಜ್ಯೋತ್ಸವದ ವಾರ ಬಿಟ್ಟು ದಿನ ಇಡುತ್ತೇವೆ, ಆ ವಾರ ನಮ್ಮಲ್ಲಿ ಅರ್ಧ ಜನ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕುರ್ಚಿ ಹಾಕುತ್ತಿರುತ್ತಾರೆ. ಹೆಸರನ್ನು ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ಯಾವುದರಲ್ಲಾದರೂ ಬರೆಯಿರಿ. ಹೆಸರಿನ ಮುಂದೆ ನಿಮ್ಮ ಊರು ಅಂತ ಒಂದು ಖಾಲಿ ಜಾಗ ಇದೆ. ಅದು ಅರ್ಹತೆಗಲ್ಲ, ಸ್ಪಿರಿಟ್ ಸರ್ಕಲ್‌ನಲ್ಲಿ ಪರಿಚಯ ಮಾಡಿಸುವಾಗ ಓದಲು. ಅಲ್ಲಿ ನಿಮಗೆ ಯಾವ ಊರಿನ ಹೆಸರು ಬೇಕೋ ಅದನ್ನು ಬರೆಯಿರಿ. ಒಬ್ಬರು ಹೋದ ವರ್ಷ "ಹಾವೇರಿ, ಥಾಣೆ, ಪುಣೆ" ಅಂತ ಮೂರೂ ಬರೆದಿದ್ದರು. ಮೂರನ್ನೂ ಓದಿದೆವು.